ಅರವತ್ತು ಬಂತಾ?

ಆ ಯಾರ್ಡಿನಲ್ಲಿ ಯಂತ್ರ ಕೆಟ್ಟಿದೆ ಎನ್ನುವುದೇ ಬೇರೆ, ಮಾತು ಬಿಟ್ಟಿದೆ ಎನ್ನುವುದೇ ಬೇರೆ. ಪಂಪು ಸೋರಿದರೆ, ಚೈನು ಸಡಿಲವಾದರೆ ಅದು ಕೆಟ್ಟಿದ್ದು. ಎಂಜಿನ್ನು ಗುಂಡುಕಲ್ಲಿನಂತಿದ್ದು, ಕ್ಯಾಬಿನ್ನಿನ ಪರದೆಯೂ ಸರಿಯಾಗಿದ್ದು, ಎಂಜಿನ್ನು ಹೇಳಿದ್ದು ಪರದೆಗೆ ಮುಟ್ಟದೆ ಹೋದರೆ ಅದು ಮಾತು ಬಿಟ್ಟಿದ್ದು. ನಾಲ್ಕಾರು ಕೈ ದಾಟಿ ಬಂದ, ಮಣ್ಣು ಅಗೆಯುವ ಹಳೆಯ ಎಕ್ಸ್‌ಕವೇಟರುಗಳಿಗೆ ಈ ಕಾಯಿಲೆ ಹೆಚ್ಚು. ಅಂಥದ್ದು ಬಂದಾಗ ಯಾರ್ಡಿನ ಯಜಮಾನ ಮೀಟರಕ್ಕನಿಗೆ ಹೇಳಿಕಳಿಸುತ್ತಿದ್ದ.

ಮೀಟರಕ್ಕ ಒಬ್ಬಳೇ ಬರುವವಳಲ್ಲ. ಜೊತೆಗೆ ಅವಳ ವಾರಗಿತ್ತಿ, ಅಂದರೆ ಮೈದುನನ ಹೆಂಡತಿ, ಇರಲೇಬೇಕು. ಒಬ್ಬರು ಕ್ಯಾಬಿನ್ನಿನಲ್ಲಿ ಕೂತು ಮೀಟರಿನ ಅಂಕಿ ನೋಡಬೇಕು, ಇನ್ನೊಬ್ಬರು ಎಂಜಿನ್ನಿನ ಕಡೆಯಿಂದ ವೈರಿನ ಕಟ್ಟನ್ನು ಗೇಣುಗೇಣಾಗಿ ಅಲ್ಲಾಡಿಸುತ್ತಾ ಬರಬೇಕು. "ಈಗ?" "ಇಲ್ಲ." "ಈಗ?" "ಇಲ್ಲ ಅಕ್ಕ, ಮುಂದಕ್ಕೆ ಹೋಗಿ." ವರ್ಷಗಟ್ಟಲೆ ಇದೇ ಅವರ ಸಂಭಾಷಣೆ.

ಈಗ ಅವರಿಬ್ಬರೇ ಮಾತು ಬಿಟ್ಟಿದ್ದರು.

ಜಗಳವೇನೂ ಆಗಿರಲಿಲ್ಲ. ಹಿಂದಿನ ಯಂತ್ರದಲ್ಲಿ ತುಂಡಾದ ತಂತಿಯನ್ನು ವಾರಗಿತ್ತಿ ಜೋಡಿಸಿ ಮನೆಗೆ ಹೋಗಿದ್ದಳು. ಮೀಟರಕ್ಕನಿಗೆ ಮನಸ್ಸು ನಿಲ್ಲದೆ ಆ ಜೋಡಣೆಯನ್ನು ಬಿಚ್ಚಿ ನೋಡಿದಳು. ಚೆನ್ನಾಗಿಯೇ ಇತ್ತು. ಬಿಚ್ಚಿದ ಮೇಲೆ ಮತ್ತೆ ಹಾಕಲೇಬೇಕಲ್ಲ, ಹಾಕಿ ತನ್ನ ಟೇಪು ಸುತ್ತಿದಳು. ಮರುದಿನ ವಾರಗಿತ್ತಿ ಆ ಟೇಪನ್ನು ಕಂಡು ಒಂದು ಮಾತೂ ಆಡಲಿಲ್ಲ. ಅಂದಿನಿಂದ ಮನೆಯಲ್ಲೂ ಗೋಡೆಗೇ ಹೇಳುತ್ತಿದ್ದಳು: "ಊಟ ತಣ್ಣಗಾಗ್ತಿದೆ, ಬೇಕಾದವರು ಬರಬಹುದು." ಇವತ್ತು ಬೆಳಗ್ಗೆ ಮೈದುನ ಕಾಲಿಗೆ ಚಪ್ಪಲಿ ಮೆಟ್ಟುತ್ತಾ, ತಲೆ ತಗ್ಗಿಸಿಕೊಂಡೇ ಹೇಳಿದ್ದ: "ಅತ್ತಿಗೆ, ಈ ಯಂತ್ರ ಮುಗಿಸಿ ಅವಳು ಸೇತುವೆ ಆಚೆಗಿನ ವರ್ಕ್‌ಶಾಪಿಗೆ ಕೆಲಸಕ್ಕೆ ಹೋಗ್ತಾಳಂತೆ. ಯಾಕೆ ಅಂತ ನನ್ನನ್ನ ಕೇಳಬೇಡಿ."

ಕುಕ್ಕರಗಾಲಲ್ಲಿ ಕೂತರೆ ಮೊಣಕಾಲು ನೋಯುತ್ತಿದ್ದುದರಿಂದ ಇವತ್ತು ಮೀಟರಕ್ಕ ಕ್ಯಾಬಿನ್ನು ಹತ್ತಿ ಕೂತಳು. ಸಾಮಾನ್ಯವಾಗಿ ಅವಳು ಕೆಳಗಿರುವವಳು. ಮೇಲಿನಿಂದ ಯಾರ್ಡು ಬೇರೆಯೇ ಊರಿನಂತೆ ಕಂಡಿತು. ತಲೆ ಬಗ್ಗಿಸಿ ನಿಂತ ಯಂತ್ರಗಳ ಉದ್ದನೆಯ ಕೈಗಳು, ನೀರು ಕುಡಿಯಲು ಬಂದು ಅಲ್ಲೇ ನಿದ್ದೆಹೋದ ಪ್ರಾಣಿಗಳಂತಿದ್ದವು. ಗಾಜಿನ ಮೇಲಿನ ಧೂಳಿನಿಂದ ಸೋಸಿ ಬಂದ ಬಿಸಿಲು ಅವಳ ಮಡಿಲಲ್ಲಿ ಜೇನಿನ ಬಣ್ಣದಲ್ಲಿ ಬಿದ್ದಿತ್ತು. ಎಷ್ಟೋ ಡ್ರೈವರುಗಳ ಅಂಗೈ ಸವೆಸಿದ ಹಿಡಿಕೆ ನುಣ್ಣಗೆ, ಬೆಚ್ಚಗೆ, ಯಾರದೋ ಕೈ ಹಿಡಿದಂತಿತ್ತು.

ಯಜಮಾನ ಕೆಳಗೆ ನಿಂತು ನಕ್ಕ. "ಎರಡು ಜಡೆ ಒಂದ್ಕಡೆ ಸೇರಲ್ಲ ಅಂತಾರೆ. ನೀವು ನೋಡಿದ್ರೆ ತಂತಿಗೆ ಜಡೆ ಹಾಕೋದನ್ನೇ ಕಸುಬು ಮಾಡ್ಕೊಂಡಿದ್ದೀರಲ್ಲಮ್ಮ!"

ಇಬ್ಬರೂ ನಗಲಿಲ್ಲ. ಅವನು ಗಂಟಲು ಸರಿಮಾಡಿಕೊಂಡು ಆಫೀಸಿನ ಕಡೆ ನಡೆದ.

ಎಂಜಿನ್ನಿನ ಮಾತನ್ನು ಪರದೆಗೆ ಒಯ್ಯುವುದು ಹುರಿ ಹೊಸೆದ ಎರಡು ತಂತಿ. ಬ್ಯಾಟರಿ ಬಿಡಿಸಿ ಆ ಎರಡು ತಂತಿಗಳ ನಡುವೆ ಮೀಟರು ಹಿಡಿದರೆ ಅರವತ್ತು ಓಮ್ ತೋರಿಸಬೇಕು. ತಂತಿಯ ಎರಡು ತುದಿಗೂ ಒಂದೊಂದು ಪುಟ್ಟ ರೆಸಿಸ್ಟರ್ ಇರುತ್ತದೆ. ಬಂದ ಮಾತನ್ನು ಕೇಳಿಸಿಕೊಂಡು ನುಂಗುವುದು ಅದರ ಕೆಲಸ. ಒಂದು ತುದಿ ಕಳಚಿಕೊಂಡರೆ ಮೀಟರು ನೂರಿಪ್ಪತ್ತಕ್ಕೆ ಏರುತ್ತದೆ. ಆಗ ಹೋದ ಮಾತು ನುಂಗುವವರಿಲ್ಲದೆ ಹಿಂದಕ್ಕೆ ಬಂದು, ಹೊಸ ಮಾತಿನ ಮೇಲೆ ಬಿದ್ದು, ಎಲ್ಲ ಕಲಸುಮೇಲೋಗರ.

ಮೀಟರು ನೂರಿಪ್ಪತ್ತು ತೋರಿಸಿತು.

"ಶುರುಮಾಡು," ಎಂದಳು ಮೀಟರಕ್ಕ.

ಮಾತಿನ ಬದಲಿಗೆ ಹಿಂದಿನಿಂದ ಸ್ಪ್ಯಾನರು ಕಬ್ಬಿಣಕ್ಕೆ ಬಡಿದ ಸದ್ದು. ಟಣ್. ಅಲ್ಲಾಡಿಸಿದ್ದೇನೆ, ನೋಡು ಎಂದು ಅರ್ಥ.

"ಇಲ್ಲ."

ಟಣ್.

"ಇಲ್ಲ. ಮುಂದಕ್ಕೆ ಹೋಗು."

ಟಣ್. ಬಾವಿಯ ತಳದಿಂದ ಬಂದಂಥ ಸದ್ದು. ಮೀಟರಕ್ಕನಿಗೆ ಅದು ಹಿತವಾಗತೊಡಗಿತು. ಗೋಡೆಗೆ ಹೇಳುವ ಮಾತಿಗಿಂತ ಇದು ವಾಸಿ, ನೇರ ತನಗೇ ಬರುತ್ತಿದೆಯಲ್ಲ. ಈ ಯಂತ್ರದಲ್ಲಿ ಎಂಜಿನ್ನು ಎಷ್ಟು ದಿನ ಒಬ್ಬಂಟಿಯಾಗಿ ಬಡಬಡಿಸಿತೋ, ಬಿಸಿಯಾಗ್ತಿದೆ, ಎಣ್ಣೆ ಸಾಲದು ಎಂದು. ತಲುಪದ ಆ ಮಾತುಗಳೆಲ್ಲ ಎಲ್ಲಿ ಹೋಗಿರುತ್ತವೆ? ಸೀಟಿನ ಸಂದಿಯಲ್ಲಿ ಧೂಳಾಗಿ ಕೂತಿರುತ್ತವೋ ಏನೋ. ಅವಳ ಕಣ್ಣು ಅರ್ಧ ಮುಚ್ಚಿತ್ತು. ಬಿಸಿಲು, ಟಣ್, ಇಲ್ಲ. ಬಿಸಿಲು, ಟಣ್, ಇಲ್ಲ. ಹೀಗೇ ಸಂಜೆಯಾಗಿ, ಬೆಳಗಾಗಿ, ಇಬ್ಬರಿಗೂ ಕೂದಲು ನರೆತು ಹೋದರೂ ಆದೀತು ಎನಿಸಿತು.

ಟಣ್.

ಮೀಟರಿನಲ್ಲಿ ಅಂಕಿ ಕದಲಿತು. ಅರವತ್ತು. ಒಂದು ಗಳಿಗೆ ನಿಂತು ಮತ್ತೆ ನೂರಿಪ್ಪತ್ತಕ್ಕೆ ಹಾರಿತು.

"ಇಲ್ಲ," ಎಂದಳು ಮೀಟರಕ್ಕ. "ಮುಂದಕ್ಕೆ ಹೋಗು."

ಹೇಳಿದ ಮೇಲೆ ಅವಳಿಗೇ ದಿಗಿಲಾಯಿತು. ಇಷ್ಟು ವರ್ಷದಲ್ಲಿ ಮೀಟರಿನ ಮಾತನ್ನು ಅವಳು ತಿರುಚಿದವಳಲ್ಲ.

ಹಿಂದೆ ಸದ್ದು ನಿಂತಿತು.  ಆಫೀಸಿನ ತಗಡಿನ ಚಾವಣಿಯ ಮೇಲೆ ಕಾಗೆಯೊಂದು ಪರಚುತ್ತಾ ನಡೆಯಿತು. ಆಮೇಲೆ ಕೆಳಗಿನಿಂದ ಧ್ವನಿ ಬಂತು, ಬಳಸದೆ ಸ್ವಲ್ಪ ತುಕ್ಕು ಹಿಡಿದಂತೆ.

"ಅಕ್ಕ, ಅರವತ್ತು ಬಂತಾ?"



"ಬಂತು."

"ಮತ್ತೆ ಇಲ್ಲ ಅಂದ್ರಿ? ನನ್ನ ಕೈಗೇ ತಿಳೀತು, ಒಳಗೆ ಟಕ್ ಅಂತು. ನೋಡಿ, ಯಾವನೋ ಪುಣ್ಯಾತ್ಮ ಹುರಿ ಬಿಚ್ಚಿ ಸುಮ್ನೆ ಗಂಟು ಹಾಕಿದ್ದಾನೆ. ಹಸಿರುಗಟ್ಟಿ ಹೋಗಿದೆ."

"ಅರವತ್ತು ಅಂದ್ರೆ ಕೆಲಸ ಮುಗೀತಲ್ಲ ಕಣೇ. ಮುಗಿದ್ರೆ ನೀನು ಹೊರಟ್ಹೋಗ್ತೀಯ."

"ಸುಳ್ಳು ಹೇಳಿದ್ರೆ ಹೋಗಲ್ಲ ಅಂದ್ಕೊಂಡ್ರಾ?"

"ಇನ್ನೊಂದು ಚೂರು ಹೊತ್ತು ಇರ್ತೀಯ ಅಂದ್ಕೊಂಡೆ."

ಕೆಳಗೆ ಉಸಿರೆಳೆದುಕೊಂಡ ಸದ್ದು. ನಕ್ಕಳೋ, ಮೂಗೆಳೆದಳೋ ತಿಳಿಯಲಿಲ್ಲ.

"ಜೋಡಿಸ್ತೀನಿ. ನೀವು ಇಳಿದು ಬರಬಾರದು."

"ಬರಲ್ಲ."

"ನಾನು ಆಚೆ ಹೋದ್ಮೇಲೂ ಬಿಚ್ಚಿ ನೋಡಬಾರದು."

 ಮೀಟರಕ್ಕನ ಬೆರಳುಗಳಿಗೆ ಜೀವಮಾನದ ಚಟ ಅದು. ಮಗಳ ಜಡೆ ಬಿಚ್ಚಿ ಮತ್ತೆ ಹೆಣೆದವಳು, ಗಂಡ ಬೀಗ ಹಾಕಿ ಬಂದ ಬಾಗಿಲನ್ನು ಎಳೆದು ನೋಡಿದವಳು. ಬೇರೆಯವರ ಕೆಲಸವನ್ನು ನಂಬುವುದೆಂದರೆ ಕಣ್ಣು ಕಟ್ಟಿಕೊಂಡು ಮೆಟ್ಟಿಲು ಇಳಿದಂತೆ ಅವಳಿಗೆ.

"ನೋಡಲ್ಲ," ಎಂದಳು ಕೊನೆಗೆ.

ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತಳು. ಕಾವು ಹಿಡಿದ ಬೆಸುಗೆಯ ವಾಸನೆ ತೇಲಿ ಬಂತು. ಕಾಣದ ಆ ಬೆರಳುಗಳು ಎರಡು ತಂತಿಗಳನ್ನು ಹೊಸೆಯುತ್ತಿರುವುದು ತನ್ನ ನೆತ್ತಿಯ ಮೇಲೇ ಆಗುತ್ತಿದೆ ಎಂಬಂತೆ ಅವಳಿಗೆ ಜೊಂಪು ಹತ್ತಿತು.

"ನೋಡಿ ಈಗ."

ಅರವತ್ತು. ಅಲ್ಲಾಡದ ಅರವತ್ತು.

"ಬಂತು ಕಣೇ!"

"ಸುಳ್ಳಲ್ಲ ತಾನೆ?"

"ನಿನ್ನಾಣೆ."

ಬ್ಯಾಟರಿ ಕೂಡಿಸಿ ಕೀಲಿ ತಿರುಗಿಸಿದಾಗ ಕಪ್ಪು ಪರದೆ ಬೆಳಗಿತು. ಎಂಜಿನ್ನು ತನ್ನ ಬಿಸಿ, ತನ್ನ ಎಣ್ಣೆ, ತನ್ನ ವೇಗ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿಕೊಂಡಿತು. ವಾರಗಿತ್ತಿ ಕೈ ಒರೆಸುತ್ತಾ ಚೈನಿನ ಮೇಲೆ ಕಾಲಿಟ್ಟು ಹತ್ತಿ, ಕ್ಯಾಬಿನ್ನಿನ ಬಾಗಿಲಲ್ಲಿ ನಿಂತಳು. ಹಣೆಯ ಮೇಲೆ ಗ್ರೀಸಿನ ಗೆರೆ.

"ಮುಂದಿನ ಯಂತ್ರಕ್ಕೆ ನಾನು ಮೇಲೆ ಕೂರ್ತೀನಿ," ಎಂದಳು.

"ಯಾಕೆ?"

"ನಿಮ್ಮನ್ನ ನಂಬಿದ್ರೆ ಸಂಜೆವರೆಗೂ ವೈರು ಅಲ್ಲಾಡಿಸ್ತಾ ಇರಬೇಕಷ್ಟೆ."

ಒಬ್ಬರಿಗೆಂದು ಮಾಡಿದ ಆ ಸೀಟಿನಲ್ಲಿ ಮೀಟರಕ್ಕ ಗಾಜಿನ ಕಡೆಗೆ ಒತ್ತರಿಸಿ ಜಾಗ ಬಿಟ್ಟಳು.