ಒಂಟಿ ಚಪ್ಪಲಿಯ ಸಾಲು

ನಮ್ಮ ಬೀದಿಯಲ್ಲಿ ಭಾನುವಾರ ಬೆಳಿಗ್ಗೆ ಗಂಡಸರೆಲ್ಲ ಒಂದೇ ಕಾಲಿಗೆ ಚಪ್ಪಲಿ ಹಾಕಿಕೊಂಡು ಓಡಾಡುತ್ತಿದ್ದರು. ಯಾರಿಗೂ ತಲೆ ಕೆಟ್ಟಿರಲಿಲ್ಲ. ಕಟಿಂಗ್ ಶಾಪಿನಲ್ಲಿ ಇದ್ದದ್ದು ಒಂದೇ ಕುರ್ಚಿ. ಸರದಿ ಹಿಡಿಯಲು ಎಡಗಾಲಿನ ಚಪ್ಪಲಿಯನ್ನು ಅದರ ಬಾಗಿಲ ಮುಂದೆ ಸಾಲಿನಲ್ಲಿ ಬಿಟ್ಟು, ಪಕ್ಕದ ಟೀ ಅಂಗಡಿಯಲ್ಲಿ ಹೋಗಿ ಕೂರುವುದು ಪದ್ಧತಿ. ನಾವು ಮಕ್ಕಳು ಕತ್ತರಿ ಮಾಮ ಎಂದು ಕರೆಯುತ್ತಿದ್ದ ಕಟಿಂಗ್ ಶಾಪಿನವರು ಒಬ್ಬರ ಗಡ್ಡ ಮುಗಿಸಿ, ಕತ್ತಿ ಒರೆಸುತ್ತ ಹೊರಗೆ ಬಗ್ಗಿ ನೋಡಿ ಕೂಗುತ್ತಿದ್ದರು: "ಸವೆದ ಹಿಮ್ಮಡಿ, ಬನ್ನಿ." ಹೆಸರು ಹಿಡಿದು ಕರೆದದ್ದನ್ನು ನಾನು ಕೇಳಿಯೇ ಇಲ್ಲ. ಕೂಗಿದಾಗ ಬಾರದವನ ಚಪ್ಪಲಿ ಸಾಲಿನ ಕೊನೆಗೆ ಹೋಗುತ್ತಿತ್ತು. ಮಧ್ಯಾಹ್ನಕ್ಕೆ ಅಂಗಡಿ ಬಂದ್.

ನಮ್ಮ ತಾತನ ಚಪ್ಪಲಿಗೆ 'ಮೊಳೆ ಹೊಡೆದದ್ದು' ಎಂದು ಹೆಸರು. ಎದುರು ಅಂಗಡಿಯ ಟೈಲರ್ ಮಾಮನದು 'ನೀಲಿ ಪಟ್ಟಿ'. ಇಬ್ಬರೂ ಟೀ ಅಂಗಡಿಯ ಮೂಲೆಯ ಬೆಂಚಿನಲ್ಲಿ ಚೆಸ್ ಆಡುತ್ತಿದ್ದರು. ಅಲ್ಲಿನ ನಿಯಮ ಒಂದೇ: ಆಟ ಮುಗಿಯುವ ಮುಂಚೆ ಎದ್ದವನು ಸೋತ. ಆ ನಿಯಮ ಬರುವ ಮೊದಲು, ಸೋಲುವ ಹೊತ್ತಿಗೆ ಸರಿಯಾಗಿ ಎಲ್ಲರಿಗೂ ಹೆಂಡತಿ ಕರೆದದ್ದು ಕೇಳಿಸುತ್ತಿತ್ತಂತೆ.

ನಾನು ಹುಟ್ಟುವ ಮುಂಚಿನಿಂದ ಆಡುತ್ತಿದ್ದರೂ ತಾತ ಒಮ್ಮೆಯೂ ಗೆದ್ದಿರಲಿಲ್ಲ. ಪ್ರತಿ ವಾರ ಆಟ ರಂಗೇರುವಾಗ "ಮೊಳೆ ಹೊಡೆದದ್ದು, ಬನ್ನಿ" ಎಂದು ಕೂಗು ಬೀಳುತ್ತಿತ್ತು. ತಾತ ಹಣೆ ಚಚ್ಚಿಕೊಂಡು ಏಳುತ್ತಿದ್ದ. ಏಳದೆ ವಿಧಿಯಿರಲಿಲ್ಲ, ಗಡ್ಡ ಬಿಟ್ಟುಕೊಂಡು ಬಂದವನಿಗೆ ಅಜ್ಜಿ ತಟ್ಟೆ ಇಡುತ್ತಿರಲಿಲ್ಲ. ಊಟಕ್ಕೆ ಕೂತರೆ ಅವನದು ಅದೇ ರಾಗ.

"ಇನ್ನೈದು ನಿಮಿಷ ಸಿಕ್ಕಿದ್ರೆ ಅವನಿಗೆ ಮಣ್ಣು ಮುಕ್ಕಿಸ್ತಿದ್ದೆ ಕಣೇ. ಆ ಕತ್ತರಿಯವನು ಕರೆದು ಕೆಡಿಸ್ದ."

"ಹೌದೌದು. ಕುಣಿಯಲಾರದವಳು ನೆಲ ಡೊಂಕು ಅಂದ್ಳಂತೆ," ಎನ್ನುತ್ತಿದ್ದಳು ಅಜ್ಜಿ.

ನನಗೆ ಮೈಯೆಲ್ಲ ಉರಿಯುತ್ತಿತ್ತು. ತಾತ ಗೆಲ್ಲುತ್ತಿದ್ದೆ ಎಂದರೆ ಗೆಲ್ಲುತ್ತಿದ್ದ, ಅದರಲ್ಲಿ ಎರಡು ಮಾತಿಲ್ಲ.

ನನಗೆ ಒಂಬತ್ತಾದ ವರ್ಷ ಟೈಲರ್ ಮಾಮ ಅಂಗಡಿ ಮುಚ್ಚಿ ಮಗಳ ಊರಿಗೆ ಹೊರಟರು. ಹೊಲಿಗೆ ಮೆಷಿನ್ ಆಗಲೇ ಗಾಡಿ ಹತ್ತಿತ್ತು. ಉಳಿದದ್ದು ಒಂದೇ ಭಾನುವಾರ. ಅದು ತಪ್ಪಿದರೆ ತಾತ ಸಾಯುವವರೆಗೂ ಸೋತವನೇ. ಶನಿವಾರವೆಲ್ಲ ಅವನು ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದ. ನಾನು ಸುಮ್ಮನೆ ಕೂರುವ ಪೈಕಿ ಅಲ್ಲ.

ಭಾನುವಾರ ತಾತನ ಚಪ್ಪಲಿ ಐದನೆಯದು, ಟೈಲರ್ ಮಾಮನದು ಆರನೆಯದು. ಯಾವಾಗಲೂ ಹಾಗೆಯೇ. ಟೈಲರ್ ಮಾಮ ಬರುವುದು ಕಂಡರೆ ಸಾಕು, ತಾತ ಬಿದ್ದಂಬೀಳ ಓಡಿ ಅವರಿಗಿಂತ ಮುಂದೆ ಚಪ್ಪಲಿ ಬಿಡುತ್ತಿದ್ದ. ಕತ್ತರಿ ಮಾಮ ಯಾರದೋ ಮೀಸೆಯಲ್ಲಿ ಮುಳುಗಿದ್ದಾಗ ನಾನು ಆಕಾಶ ನೋಡುತ್ತ ನಿಂತು, ಕಾಲ್ಬೆರಳಿನಿಂದ ಎರಡು ಚಪ್ಪಲಿಯನ್ನೂ ಅದಲುಬದಲು ಮಾಡಿದೆ. ಆಮೇಲೆ ಏನೂ ಅರಿಯದ ಹಸುಗೂಸಿನಂತೆ ಹೋಗಿ ತಾತನ ಪಕ್ಕ ಕೂತೆ.

ತಾತನ ಕಿವಿಯೆಲ್ಲ ಹೊರಗೇ ಇತ್ತು. ನಾಲ್ಕನೆಯವರ ಕೆಲಸ ಮುಗಿಯುತ್ತಲೇ ಅವನು ಬೆಂಚಿನ ತುದಿಗೆ ಜರುಗಿದ.

"ನೀಲಿ ಪಟ್ಟಿ, ಬನ್ನಿ."

ತಾತನ ಮುಖ ಹುಳ್ಳಗಾಯಿತು. ಟೈಲರ್ ಮಾಮ ಬೋರ್ಡು ನೋಡಿದರು, ತಾತನನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು. ನಾನು ನಗು ತಡೆಯಲು ಫ್ರಾಕಿನ ಅಂಚನ್ನು ಬಾಯಿಗೆ ತುರುಕಿಕೊಂಡಿದ್ದೆ.

"ಎದ್ದವನು ಸೋತ," ಎನ್ನುತ್ತ ಅವರು ನಿಧಾನವಾಗಿ ಎದ್ದರು. "ಕೊನೇ ಆಟ ನಿಂದಾಯ್ತು ಬಿಡಪ್ಪ."

ಟೀ ಅಂಗಡಿಯೇ ಎದ್ದು ಚಪ್ಪಾಳೆ ತಟ್ಟಿತು. ಮಾಲೀಕ ತಾತನ ಮುಂದೆ ಪುಕ್ಕಟೆ ಟೀ ಇಟ್ಟ. ಅವನ ಜನ್ಮದಲ್ಲಿ ಅದೇ ಮೊದಲು. ನಾನು ಬೆಂಚು ಹತ್ತಿ ಕುಣಿದೆ. ತಾತ ಟೀ ಮುಟ್ಟಲಿಲ್ಲ. ಜನ ಚದುರಿದ ಮೇಲೆ ನನ್ನ ಕಿವಿ ಹಿಡಿದ.

"ಚಪ್ಪಲಿ ಮುಟ್ಟಿದ್ದು ನೀನೇ ತಾನೇ, ಕೋತಿ?"

"ನೀನೇ ಹೇಳ್ತಿದ್ದೆ ಅಲ್ವಾ ತಾತ, ಕರೀದೇ ಇದ್ರೆ ಗೆಲ್ತೀನಿ ಅಂತ."

ತಾತ ಕಿವಿ ಬಿಟ್ಟ. ಟೈಲರ್ ಮಾಮನ ಆನೆಯನ್ನು ಸರಿಸಿದ, ಆಮೇಲೆ ಕುದುರೆಯನ್ನು. ತನ್ನ ರಾಜನಿಗೆ ಎತ್ತ ಹೋಗಲೂ ದಾರಿಯಿಲ್ಲ ಎಂದು ಒಂದೊಂದೇ ಮನೆಯ ಮೇಲೆ ಬೆರಳಿಟ್ಟು ತೋರಿಸಿದ.

"ಎರಡೇ ನಡೆ. ಪ್ರತಿ ವಾರ ಇದೇ ಕಥೆ. ನಾನ್ಯಾಕೆ ಓಡ್ಹೋಗಿ ಮುಂದೆ ಚಪ್ಪಲಿ ಬಿಡ್ತಿದ್ದೆ ಅಂದ್ಕೊಂಡೆ? ಸೋಲೋ ಮುಂಚೆ ಕರೆದ್ರೆ ಮಾನ ಉಳಿಯುತ್ತೆ ಅಂತ."

ನನಗೆ ಅಳು ಬಂತು. ಅವನು ಸುಳ್ಳು ಹೇಳಿದ್ದಕ್ಕೋ, ಅದನ್ನು ನಾನು ಬಯಲು ಮಾಡಿದ್ದಕ್ಕೋ ತಿಳಿಯಲಿಲ್ಲ. ತಾತನ ಕಣ್ಣೂ ಒದ್ದೆಯಾಗಿತ್ತು.

"ಗೆಲ್ಲೋ ಆಟ ಬಿಟ್ಟು ಎದ್ದುಹೋದ, ನೋಡಿದ್ಯಾ," ಎಂದವನೇ ಒಂಟಿ ಚಪ್ಪಲಿಯಲ್ಲಿ ಕಟಿಂಗ್ ಶಾಪಿಗೆ ನಡೆದ. ನಾನು ಹಿಂದೆಯೇ ಓಡಿದೆ.

ಟೈಲರ್ ಮಾಮ ಮುಖದ ತುಂಬ ನೊರೆ ಹಚ್ಚಿಸಿಕೊಂಡು ಕಣ್ಣು ಮುಚ್ಚಿ ಕೂತಿದ್ದರು. ಕತ್ತಿ ಗಂಟಲ ಹತ್ತಿರವಿತ್ತು.

"ಲೋ, ಇವತ್ತಿನ ಆಟ ನಿಂದು," ತಾತ ಬೀದಿಗೆಲ್ಲ ಕೇಳುವಂತೆ ಹೇಳಿದ. "ಇವತ್ತಿಂದು ಮಾತ್ರ ಅಲ್ಲ, ಎಲ್ಲಾ ಆಟಾನೂ. ಕರೆದಿರ್ಲಿ ಬಿಟ್ಟಿರ್ಲಿ, ನಾನು ಒಂದ್ಸಲಾನೂ ಗೆಲ್ತಿರ್ಲಿಲ್ಲ."

ಕತ್ತರಿ ಮಾಮನ ಕೈ ಅಲ್ಲೇ ನಿಂತಿತು. ಟೈಲರ್ ಮಾಮ ಕಣ್ಣು ತೆರೆಯಲಿಲ್ಲ. ತುಟಿಯ ಮೇಲಿನ ನೊರೆ ಮಾತ್ರ ಅಲುಗಿತು.

"ಗೊತ್ತು ಕಣೋ. ಅದಕ್ಕೇ ಪ್ರತಿ ಭಾನುವಾರ ನಿಂಗಿಂತ ನಿಧಾನವಾಗಿ ನಡ್ಕೊಂಡು ಬರ್ತಿದ್ದೆ. ಈಗ ಸುಮ್ನಿರು, ನಗ್ಸಿದ್ರೆ ಕುತ್ತಿಗೆ ಹೋಗುತ್ತೆ."