ಅಕ್ಕನ ಮಂಚದ ಮೇಲಿನ ದೀಪ

ಮನೆಗಳಿಗೆ ದೀಪ ಮಾಡಿಕೊಡುವುದು ನನ್ನ ಕಸುಬು. ಇಪ್ಪತ್ತಾರು ವರ್ಷವಾಯಿತು, ಕೆಟ್ಟ ಬೆಳಕನ್ನು ಕಂಡರೆ ಈಗಲೂ ಮೈಯೆಲ್ಲ ಉರಿಯುತ್ತದೆ. ಚೆಂದದ ಕೋಣೆ ಕಟ್ಟಿಸಿ, ಚಾವಣಿಯ ನಡುವೆ ಒಂದು ಬೋಳು ಬಲ್ಬು ನೇತುಹಾಕಿ, 'ಬೆಳಕಾಯ್ತಲ್ಲ, ಸಾಕು' ಎಂದವರ ಮನೆಯಲ್ಲಿ ನಾನು ಕಾಫಿ ಕುಡಿಯದೆ ಎದ್ದು ಬಂದದ್ದೂ ಉಂಟು. ನಮ್ಮ ಕಸುಬಿನ ಮೊದಲ ಪಾಠವೆಂದರೆ ಬೆಳಕು ಕಾಣಬೇಕು, ಬಲ್ಬು ಕಾಣಬಾರದು. ಹಾಗಾಗಿ ತೂಗುಹಾಕಿದ ಪ್ರತಿ ದೀಪವನ್ನೂ ಎರಡು ಸಲ ನೋಡುತ್ತೇವೆ, ಒಮ್ಮೆ ನಿಂತು, ಒಮ್ಮೆ ಕುರ್ಚಿಯಲ್ಲಿ ಕೂತು. ಎರಡು ಸಲವೂ ಬಲ್ಬು ಕಣ್ಣಿಗೆ ಬೀಳದಿದ್ದರೆ ಏಣಿ ಮಡಚಿಕೊಂಡು ಹೊರಡುತ್ತೇವೆ.

ಅಕ್ಕನ ಕೋಣೆಯಲ್ಲೂ ಹಾಗೆಯೇ ಮಾಡಿದೆ.

ಅಕ್ಕ ನನಗಿಂತ ಹದಿಮೂರು ವರ್ಷ ದೊಡ್ಡವಳು. ಅಮ್ಮ ಹೋದ ಮೇಲೆ ಹೊಲಿಗೆ ಮಷಿನ್ನು ತುಳಿದು ನನ್ನನ್ನು ಸಾಕಿ ಓದಿಸಿದವಳು ಅವಳೇ. ಮದುವೆ ಮಾಡಿಕೊಳ್ಳೆಂದು ಬಂದವರಿಗೆಲ್ಲ ಒಲ್ಲೆ ಅಂದಳು. ನನ್ನ ಮದುವೆಯಾದ ಮೇಲೆ ನಮ್ಮ ಜೊತೆಗೇ ಇದ್ದರೂ ಯಾರ ಮಾತಿಗೂ ಸುಲಭಕ್ಕೆ ತಲೆಯಾಡಿಸಿದವಳಲ್ಲ. ಅಂಥವಳಿಗೆ ಕಳೆದ ವರ್ಷ ಲಕ್ವ ಹೊಡೆದು ಕೈಕಾಲು ಬಿದ್ದವು, ಮಾತು ನಿಂತಿತು. ಕತ್ತು ಹೊರಳಿಸಲೂ ಆಗುತ್ತಿರಲಿಲ್ಲ. ಬುದ್ಧಿಗೆ ಏನೂ ಆಗಿಲ್ಲ, ಎಲ್ಲ ತಿಳಿಯುತ್ತೆ ಅಂದ ಡಾಕ್ಟರು ಒಂದು ಉಪಾಯ ಹೇಳಿಕೊಟ್ಟರು. ಏನಾದರೂ ಕೇಳಿದಾಗ ಅವಳು ಕಣ್ಣು ಮುಚ್ಚಿ ಹಿಡಿದರೆ ಹೌದು, ತೆರೆದೇ ಇದ್ದರೆ ಇಲ್ಲ.

ಅವಳನ್ನು ಮನೆಗೆ ಕರೆತರುವ ಮುಂಚೆ ಅವಳ ಕೋಣೆಯನ್ನು ಹೊಸದಾಗಿ ಮಾಡಬೇಕೆಂದು ಹಟ ಹಿಡಿದೆ. ಬೇರೆಯವರಿಗೆ ಅಷ್ಟೆಲ್ಲ ಮಾಡಿಕೊಟ್ಟಿದ್ದೇನೆ, ಸಾಕಿದವಳಿಗೆ ಮಾಡದಿದ್ದರೆ ಹೇಗೆ? ಗೋಡೆಗೆ ಒದ್ದೆ ಮಣ್ಣಿನ ಬಣ್ಣ ಬಳಿಸಿದೆ. ತೇಗದ ಮಂಚಕ್ಕೆ ಒಂದೇ ಒಂದು ಚೂಪು ಮೂಲೆಯಿರಲಿಲ್ಲ, ಅಂಚೆಲ್ಲ ನದಿಯ ಕಲ್ಲಿನ ಹಾಗೆ ನುಣುಪು. ಮಂಚದ ಮೇಲೆ ನನ್ನ ಕೈಯಾರೆ ಬಡಿದ ನಲವತ್ತೊಂದು ಹಿತ್ತಾಳೆ ಎಲೆಗಳ ದೀಪ. ಬಲ್ಬು ಎಲೆಗಳ ಒಳಗೆ ಅಡಗಿ, ಬೆಳಕು ಒಂದು ಎಲೆಯಿಂದ ಇನ್ನೊಂದಕ್ಕೆ ಜಾರಿ, ಗೋಡೆಗೆ ಬರುವ ಹೊತ್ತಿಗೆ ಜೇನುತುಪ್ಪದ ಬಣ್ಣವಾಗುತ್ತಿತ್ತು. ಹಗಲಿನ ಬಿಳಿ ಬೆಳಕು ಬಂದು ಅದನ್ನು ಕೆಡಿಸಬಾರದೆಂದು ಕಿಟಕಿಗೆ ದಪ್ಪ ಪರದೆ ಎಳೆದೆ. ನನ್ನ ಜೀವಮಾನದಲ್ಲೇ ಒಳ್ಳೆಯ ಕೆಲಸ ಅದು. ಈಗಲೂ ಹಾಗೇ ಹೇಳುತ್ತೇನೆ, ಅದೇ ನನ್ನ ಸಂಕಟ.

ಗೋಡೆಯ ಮೇಲೆ ಬೆಳಕು ಏರಿಸುವ, ಇಳಿಸುವ ಒಂದು ಗುಂಡಿ ಇತ್ತು. ಸುಮ್ಮನಿದ್ದಾಗ ದೀಪ ಮಂದವಾಗಿರುತ್ತಿತ್ತು. ಅಕ್ಕನನ್ನು ಏನಾದರೂ ಕೇಳುವಾಗ ಮಾತ್ರ ರೆಪ್ಪೆ ಸ್ಪಷ್ಟವಾಗಿ ಕಾಣಲೆಂದು ನಾವು ಗುಂಡಿಯನ್ನು ಪೂರ್ತಿ ತಿರುಗಿಸುತ್ತಿದ್ದೆವು.

ಮೊದಲ ದಿನವೇ ಕೇಳಿದೆ. "ದೀಪ ಹಿಡಿಸ್ತಾ ಅಕ್ಕಾ?"

ಅಕ್ಕ ಕಣ್ಣು ಮುಚ್ಚಿದಳು. ರೆಪ್ಪೆಯ ಸಂದಿಯಿಂದ ನೀರೂ ಇಳಿಯಿತು. ಸಂತೋಷಕ್ಕೆ ಅಂದುಕೊಂಡೆ. ನೋಡಲು ಬಂದವರಿಗೆಲ್ಲ ಅದನ್ನು ಹೇಳಿಕೊಂಡು ತಿರುಗಿದೆ.

ಮನೆಯ ಒಳಾಂಗಣ ಅಲಂಕಾರದ ಪತ್ರಿಕೆಯೊಂದರವರು ಫೋಟೋ ತೆಗೆಯಲು ಬರುವವರಿದ್ದರು. ಮೂಲೆಯಲ್ಲಿದ್ದ ಹೊಲಿಗೆ ಮಷಿನ್ನು ಆ ಕೋಣೆಗೆ ಒಗ್ಗುತ್ತಿರಲಿಲ್ಲ. ಗುಂಡಿ ತಿರುಗಿಸಿ ಕೇಳಿದೆ. "ಮಷಿನ್ ತೆಗೆದುಬಿಡ್ಲಾ?" ಕಣ್ಣು ಮುಚ್ಚಿದಳು. ಅದರ ಕಬ್ಬಿಣದ ಕಾಲುಗಳ ಮೇಲೆ ಗಾಜಿನ ಹಲಗೆ ಕೂರಿಸಿ ನಡುಮನೆಗೆ ಟೀಪಾಯಿ ಮಾಡಿದೆ. ಮಷಿನ್ನಿನ ತಲೆಯನ್ನು ಗುಜರಿಯವನು ಒಯ್ದ. ಪತ್ರಿಕೆಯಲ್ಲಿ ದೀಪಕ್ಕೆ ಒಂದು ಪುಟ ಬಂತು, ಟೀಪಾಯಿಗೆ ಅರ್ಧ ಪುಟ.

"ಅತ್ತಿಗೆ ಇಷ್ಟು ಸಾಧು ಆಗಿದ್ದು ಯಾವಾಗ್ರೀ? ಕೇಳಿದ್ದಕ್ಕೆಲ್ಲ ಹೂಂ ಅಂತಾರೆ" ಎಂದು ನನ್ನ ಹೆಂಡತಿ ನಕ್ಕಳು. ನಾನೂ ನಕ್ಕೆ.

ನಗದವಳೆಂದರೆ ಅಕ್ಕನನ್ನು ನೋಡಿಕೊಳ್ಳಲು ಬರುತ್ತಿದ್ದ ಹೆಂಗಸು ಒಬ್ಬಳೇ. ಅವಳು ಅಕ್ಕನನ್ನು ಗಾಲಿಕುರ್ಚಿಯಲ್ಲಿ ಅಡುಗೆಮನೆಗೆ ಕರೆದೊಯ್ದು ಗಂಜಿ ಕುಡಿಸುತ್ತಿದ್ದಳು. "ನನ್ನ ಹತ್ರ ಅಮ್ಮಾವ್ರು ಬೇಡ ಅನ್ನೋದೇ ಜಾಸ್ತಿ ಸಾರ್. ನೀವು ಹೇಳೋದು ಕೇಳಿದ್ರೆ ಬೇರೆ ಯಾರ ಬಗ್ಗೆನೋ ಹೇಳ್ತಿದೀರಾ ಅನ್ಸುತ್ತೆ" ಎಂದಳು ಒಂದು ದಿನ. ನಾನು ರೇಗಿದೆ. "ನಾನು ಹುಟ್ಟಿದಾಗಿಂದ ನೋಡಿರೋ ಮುಖ ಅದು. ಮೂರು ತಿಂಗಳಿಂದ ಬರ್ತಿರೋಳು ನನಗೆ ಹೇಳಿಕೊಡಬೇಡಮ್ಮ."

ಆಮೇಲೆ ಆರೈಕೆ ಕೇಂದ್ರದ ಮಾತು ಬಂತು. ಎರಡು ಗಂಟೆ ದೂರದ ಊರಲ್ಲಿದೆ, ದಿನವೂ ವ್ಯಾಯಾಮ ಮಾಡಿಸುತ್ತಾರೆ, ನರ್ಸುಗಳಿದ್ದಾರೆ ಎಂದೆಲ್ಲ ಅಕ್ಕನಿಗೆ ವಿವರಿಸಿ ಹೇಳಿದೆ. ಅಲ್ಲಿ ಸೇರಿದವರು ಸಾಮಾನ್ಯವಾಗಿ ವಾಪಸು ಬರುವುದಿಲ್ಲ ಎಂಬುದನ್ನು ಮಾತ್ರ ನಾನು ಬಾಯಿಬಿಟ್ಟು ಹೇಳಲಿಲ್ಲ, ಅವಳಿಗೆ ಗೊತ್ತಾಗದೆ ಇರಲೂ ಇಲ್ಲ. "ಹೋಗ್ತೀಯಾ ಅಕ್ಕಾ? ಬೇಡ ಅಂದ್ರೆ ಕಳ್ಸಲ್ಲ, ನಿನ್ನಾಣೆ." ಗುಂಡಿ ತಿರುಗಿಸಿದೆ. ಕಣ್ಣು ಮುಚ್ಚಿದಳು. ಮೂರು ಸಲ ಕೇಳಿದೆ, ಮೂರು ಸಲವೂ ಮುಚ್ಚಿದಳು. ಹಾಸಿಗೆ ಕಾದಿರಿಸಿದ್ದಾಯಿತು.

ಸೋಮವಾರ ಬೆಳಿಗ್ಗೆ ಹತ್ತೂವರೆಗೆ ಗಾಡಿ ಬರುವುದಿತ್ತು. ಒಂಬತ್ತಕ್ಕೆ ಆ ಹೆಂಗಸು ಅಕ್ಕನನ್ನು ಸ್ನಾನಕ್ಕೆ ಕರೆದೊಯ್ದಳು. ನಾನು ಖಾಲಿ ಕೋಣೆಗೆ ಹೋದೆ. ಮಡಚಿಟ್ಟ ಬಟ್ಟೆಗಳನ್ನು ನೋಡಿ ಅಳು ಬಂದುಬಿಟ್ಟಿತು. ಅಕ್ಕನ ಜೊತೆ ಕಳಿಸಲಿದ್ದ ಚೀಲದೊಳಗೆ ಏನೇನಿದೆ ನೋಡೋಣವೆಂದು ಗುಂಡಿ ಪೂರ್ತಿ ತಿರುಗಿಸಿದ್ದವನು, ನೋಡಲಾರದೆ ಹೋಗಿ ಅಕ್ಕನ ಮಂಚದ ಮೇಲೆ ಅಂಗಾತ ಮಲಗಿದೆ.

ನನ್ನ ಕಣ್ಣು ತಾನಾಗಿಯೇ ಮುಚ್ಚಿಕೊಂಡಿತು.

ಮತ್ತೆ ತೆರೆದೆ. ಎಲೆಗಳೆಲ್ಲ ಬದಿಯಲ್ಲಿದ್ದವು. ಕೆಳಗಡೆ ಒಂದೂ ಇರಲಿಲ್ಲ. ನಲವತ್ತೊಂದು ಎಲೆಗಳ ನಟ್ಟನಡುವೆ ಬೋಳು ಬಲ್ಬು ನೇರ ನನ್ನ ಕಣ್ಣಿಗೆ ಸೂಜಿ ಚುಚ್ಚುತ್ತಿತ್ತು. ನೀರು ಕಿವಿಯತ್ತ ಹರಿಯಿತು. ಮೂರು ಎಣಿಸುವವರೆಗೆ ಕಣ್ಣು ತೆರೆದಿರಲು ಪ್ರಯತ್ನಪಟ್ಟೆ. ಕತ್ತು ತಿರುಗಿಸದೆ ಅದು ಸಾಧ್ಯವೇ ಇರಲಿಲ್ಲ.

ನಿಂತು ನೋಡಿದ್ದೆ, ಕೂತು ನೋಡಿದ್ದೆ. ಮಲಗಿರುವವಳಿಗಾಗಿ ಮಾಡಿದ ದೀಪವನ್ನು ಒಮ್ಮೆಯೂ ಮಲಗಿ ನೋಡಿರಲಿಲ್ಲ.

ಎದ್ದು ದೀಪ ಆರಿಸಿದೆ. ಪರದೆಯನ್ನು ಎಳೆದ ರಭಸಕ್ಕೆ ಅದರ ಕೋಲು ಕಿತ್ತು ಬಂತು. ಸದ್ದು ಕೇಳಿ ಹೆಂಡತಿ ಓಡಿ ಬಂದಳು. ಅಕ್ಕ ಕಣ್ಣು ಮುಚ್ಚುತ್ತಿದ್ದದ್ದು ಯಾಕೆಂದು ಅವಳಿಗೆ ಹೇಳಿದೆ. ಅವಳು ಮಂಚವನ್ನೂ ದೀಪವನ್ನೂ ನೋಡಿ, ಸೆರಗು ಬಾಯಿಗೆ ಒತ್ತಿಕೊಂಡು ಗೋಡೆಗೆ ಒರಗಿದಳು.

ಅಷ್ಟರಲ್ಲಿ ಅಕ್ಕನ ಕುರ್ಚಿ ಬಾಗಿಲಿಗೆ ಬಂತು. ಒದ್ದೆ ಕೂದಲು, ಶುಭ್ರವಾದ ಬಟ್ಟೆ. ಕುರ್ಚಿಯನ್ನು ಕಿಟಕಿಯ ಪಕ್ಕಕ್ಕೆ ತಳ್ಳಿ ಅವಳ ಎದುರು ನೆಲದ ಮೇಲೆ ಕೂತೆ. ಬೆಳಗಿನ ಸಾದಾ ಬೆಳಕು ಅವಳ ಕೆನ್ನೆಯ ಮೇಲಿತ್ತು.

"ಅಕ್ಕಾ, ಆ ಕೇಂದ್ರಕ್ಕೆ ಹೋಗೋಕೆ ನಿಂಗೆ ಇಷ್ಟ ಇದೆಯಾ?"

ಕಣ್ಣು ತೆರೆದೇ ಇತ್ತು. ರೆಪ್ಪೆ ಅಲುಗಲಿಲ್ಲ. ಹೆಂಡತಿ ಗಾಡಿಯವರಿಗೆ ಬರಬೇಡಿ ಎನ್ನಲು ಫೋನು ಹುಡುಕಿಕೊಂಡು ಹೊರಗೆ ಹೋದಳು.

"ದೀಪ ಹಿಡಿಸಿತ್ತಾ?"

ತೆರೆದೇ ಇತ್ತು.

ಮಷಿನ್ನಿನ ವಿಷಯ ಕೇಳಲು ನನಗೆ ಧೈರ್ಯವಾಗಲಿಲ್ಲ. ಆದರೂ ಕೇಳಿದೆ. "ಮಷಿನ್ ತೆಗೀಲಾ ಅಂದಾಗ, ನೀನು ಹೂಂ ಅಂದಿರ್ಲಿಲ್ಲ ಅಲ್ವಾ?"

ಈಗ ಕಣ್ಣು ಮುಚ್ಚಿದಳು. ಹೌದು, ಅಂದಿರಲಿಲ್ಲ. ನಾನು ಅವಳ ಮಡಿಲಲ್ಲಿ ಮುಖ ಹುದುಗಿಸಿದೆ. ಬೈಯುವ ನಾಲಗೆ ಇದ್ದಿದ್ದರೆ ಬೈದು ಮುಗಿಸುತ್ತಿದ್ದಳು, ನಾನೂ ಬೈಸಿಕೊಂಡು ಹಗುರಾಗುತ್ತಿದ್ದೆ. ತಲೆಯೆತ್ತಿ ಕೊನೆಯದನ್ನು ಕೇಳಿದೆ.

"ನನ್ನ ಕ್ಷಮಿಸ್ತೀಯಾ ಅಕ್ಕಾ?"

ಅವಳು ನನ್ನನ್ನೇ ನೋಡುತ್ತಿದ್ದಳು. ನಾನು ಕಾದೆ. ಅವಳ ಕಣ್ಣು ತೆರೆದೇ ಇತ್ತು.