ಗಾಳೆಪ್ಪನ ಮಗಳು ಹೇಳಿದ ಸಾಕ್ಷಿ

ಸಿರಿಗೇರಿಯಿಂದ ಬಳ್ಳಾರಿಯ ಪಾರ್ವತಿನಗರಕ್ಕೆ, ಮಗನ ಮನೆಗೆ ಬಂದಿದ್ದ ವಿರೂಪಮ್ಮ ಅವರೆಕಾಯಿ ಬಿಡಿಸುತ್ತ ಕೂತಿದ್ದಳು. ಕಾನೂನು ಓದುವ ಮೊಮ್ಮಗಳು ಚೈತ್ರಾ ಮರುದಿನ ಕಾಲೇಜಿನಲ್ಲಿ ನಡೆಯುವ ಅಣಕು ನ್ಯಾಯಾಲಯಕ್ಕೆ ಗಟ್ಟಿಯಾಗಿ ಓದಿಕೊಳ್ಳುತ್ತಿದ್ದಳು. ಮಹಾಯುದ್ಧದ ಕಾಲದಲ್ಲಿ ಭಾರತದ ಸೆರೆಸಿಪಾಯಿಗಳನ್ನು ದ್ವೀಪವೊಂದರಲ್ಲಿ ಉಪವಾಸ ಕೆಡವಿ ಕೊಂದ ಜಪಾನಿ ಜನರಲ್‌ನ ವಿಚಾರಣೆ ಅದು.

"ಮುಂದಿನ ಸಾಕ್ಷಿ, ಒಬ್ಬ ಭಾರತೀಯ ಸಿಪಾಯಿ..."

ವಿರೂಪಮ್ಮನ ಕೈ ನಿಂತಿತು. "ಒಬ್ಬ ಸಿಪಾಯಿ ಅಂದ್ರ ಏನಲೇ? ಹೆಸರಿಲ್ಲೇನು ಅವಗ?"

"ನಾವು ಬರೆದ ನಾಟಕ ಅಜ್ಜಿ, ಹೆಸರು ಇಟ್ಟಿಲ್ಲ."

"ನಮ್ಮಪ್ಪ ಗಾಳೆಪ್ಪ ಅಂಥದ್ದೇ ಕೋರ್ಟಿನ್ಯಾಗ ನಿಂತು ಸಾಕ್ಷಿ ಹೇಳಿ ಬಂದಾವ. ಸಿಂಗಪುರದಾಗ ಸೆರೆ ಸಿಕ್ಕು, ದ್ವೀಪದಾಗ ಹುಲ್ಲು ತಿಂದು ಬದುಕಿದ. ಊರಾಗಿನ ಮಂದಿ ಮಾತ್ರ ಕೈದಿ ಗಾಳೆಪ್ಪ ಅಂತಿದ್ರು, ಕಳವು ಮಾಡಿ ಜೈಲಿಗೆ ಹೋದವರಂಗ."

ಮುತ್ತಾತ ಮಿಲಿಟರಿಯಲ್ಲಿದ್ದ ಎಂಬುದಷ್ಟೇ ಚೈತ್ರಾಳಿಗೆ ಗೊತ್ತಿತ್ತು. ಅಜ್ಜಿಯ ಪಕ್ಕ ಕೂತು ಎಲ್ಲವನ್ನೂ ಕೇಳಿದಳು. ಆಮೇಲೆ, "ನಾಳಿ ಆ ಸಾಕ್ಷಿ ನೀನೇ ಹೇಳು" ಎಂದಳು.

"ಸೀರಿ ಉಟ್ಟ ಸಿಪಾಯಿನಾ?" ಎಂದು ನಕ್ಕರೂ ವಿರೂಪಮ್ಮ ಒಲ್ಲೆ ಎನ್ನಲಿಲ್ಲ.

ಮರುದಿನ ಕಾಲೇಜಿನ ಸಭಾಂಗಣ ತುಂಬಿತ್ತು. ಜನರಲ್‌ನ ವೇಷದಲ್ಲಿ ಗವಿಸಿದ್ದೇಶ್ ಸೆಟೆದು ನಿಂತಿದ್ದ. ಅವನ ಪರ ವಾದಿಸುತ್ತಿದ್ದ ಭೀಮರಾಜ ಕೇಳಿದ: "ಕಾವಲುಗಾರರು ಮಾಡಿದ್ದಕ್ಕೆ ಜನರಲ್ ಹೇಗೆ ಹೊಣೆ? ಅವರಿಗೆ ಇದು ಗೊತ್ತೇ ಇರಲಿಲ್ಲ."

ಸಾಕ್ಷಿಯ ಕಟಕಟೆಯಲ್ಲಿ ನಿಂತಿದ್ದ ವಿರೂಪಮ್ಮ ಸೆರಗು ಬಿಗಿದುಕೊಂಡಳು. ಅಪ್ಪನ ಬಾಯಲ್ಲಿ ಎಷ್ಟೋ ಸಲ ಕೇಳಿದ್ದ ಮಾತು ಅವಳ ಬಾಯಿಗೆ ತಾನಾಗಿ ಬಂತು.

"ಗೊತ್ತಿತ್ರೀ. ತಾನೇ ಬಂದು ನೋಡಿದ್ದ. ಎಲುಬಿನ ಗೂಡಾಗಿದ್ದ ನಮ್ಮನ್ನ ಸಾಲಾಗಿ ನಿಲ್ಲಿಸಿದ್ರು. ನನ್ನ ಬಾಜೂಕಿನಾವ ನಿಂತಲ್ಲೇ ಬಿದ್ದ. ಜನರಲ್ ಅವನ್ನ ದಾಟಿಕೊಂಡು ಹೋದ. ಉಗ್ರಾಣದಾಗ ಅಕ್ಕಿ ಇತ್ತು. ಇವ ಒಂದು ಮಾತು ಅಂದಿದ್ರ ಬೀಗ ತೆಗೀತಿದ್ರು. ಅನಲಿಲ್ಲ."

ಭೀಮರಾಜ ತನ್ನ ಹಾಳೆಗಳನ್ನು ಮಡಚಿ ಕೂತ. ನ್ಯಾಯಾಧೀಶರ ಪೀಠದಲ್ಲಿದ್ದ ನಿವೃತ್ತ ಜಡ್ಜ್ ಚಿದಾನಂದಪ್ಪ ಮುಂದೆ ಬಾಗಿ, "ಸಾಕ್ಷಿಯ ಹೆಸರು ಹೇಳ್ರಿ" ಎಂದರು.

"ಸಿಪಾಯಿ ಗಾಳೆಪ್ಪ! ಊರು ಸಿರಿಗೇರಿ!"

ಕೊನೆಯ ಸಾಲಿನವರಿಗೂ ಕೇಳುವಂತೆ ಹೇಳಿದಳು. ಜನರಲ್ ಅಪರಾಧಿ ಎಂದು ತೀರ್ಪಾದಾಗ ಮಂದಿಯೆಲ್ಲ ಎದ್ದು ನಿಂತು ಚಪ್ಪಾಳೆ ಹೊಡೆದರು. ಗವಿಸಿದ್ದೇಶ್ ಟೊಪ್ಪಿಗೆ ತೆಗೆದು ಅವಳ ಕಾಲಿಗೆರಗಿದ.

"ಏಳಪ್ಪ, ನಿನ್ನ ಮ್ಯಾಲೆ ನನಗೇನು ಸಿಟ್ಟಿಲ್ಲ" ಎಂದು ಅವನ ಬೆನ್ನು ತಟ್ಟಿದಳು.

ಸಂಜೆ ಊರಿಗೆ ಹೊರಟ ಬಸ್ಸಿನಲ್ಲಿ, ಪಕ್ಕದ ಸೀಟಿನಲ್ಲಿದ್ದ ಅದೇ ಊರಿನ ಹನುಮಮ್ಮ ಕೇಳಿದಳು: "ಬಳ್ಳಾರಿಗೆ ಯಾಕ ಹೋಗಿದ್ದಿಬೇ?"

"ಸಾಕ್ಷಿ ಹೇಳಾಕ ಹೋಗಿದ್ದೆ," ಎಂದಳು ವಿರೂಪಮ್ಮ ತಲೆಯೆತ್ತಿ. "ಗೆದ್ದು ಬಂದೀನಿ."